ಹೆಸರಿಡುವ ಕೆಲಸ
(ಅಂತಿಮ ಬಿ.ಎ. ವಿದ್ಯಾರ್ಥಿನಿ, ಧಾರೇಶ್ವರ)

‘ಹೆಸರಿಡುವುದು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಹೆಸರಿಡುವುದು ಒಂದು. ಇನ್ನೊಬ್ಬರ ಕೆಲಸದಲ್ಲಿ ಕುಂದು ಹುಡುಕುವುದು ಮತ್ತೊಂದು. ‘ಆಕೆಯ ಅಡಿಗೆಗೆ ಯಾರೂ ಹೆಸರಿಡುವಂತಿಲ್ಲ’ ಎನ್ನುವಾಗ ನಾವು ಹೇಳುವುದು ಈ ಎರಡನೆಯ ಅರ್ಥವನ್ನು. ಈ ಎರಡು ಅರ್ಥಗಳೂ ಒಂದೇ ಕಡೆ ಬಂದು ಕೂಡುವ ಉದ್ಯೋಗವೊಂದಿದೆ. ಅದು ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಉದ್ಯೋಗ. ಅಲ್ಲಿ ಮೊದಲು ಸರಿಯಾಗಿ ಹೆಸರಿಡದವನ ಕೆಲಸಕ್ಕೆ ಆಮೇಲೆ ಬಂದವರೆಲ್ಲರೂ ಹೆಸರಿಡುತ್ತಾರೆ.

ಕನ್ನಡ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿನಿಗೆ ಇದರ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕಾರಣ ಬಹು ಸರಳವಾದುದು. ನಮ್ಮ ಕಾಲೇಜಿನಲ್ಲಿ ಶನಿವಾರದ ಪಾಠಗಳು ಮುಗಿದ ಮೇಲೆ ಗಣಕಯಂತ್ರದ ಕೋಣೆಯನ್ನು ಆಸಕ್ತರಿಗಾಗಿ ತೆರೆದಿಡುತ್ತಿದ್ದರು. ಧಾರೇಶ್ವರಕ್ಕೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದಕ್ಕಿಂತ ಒಳಗೆ ಕುಳಿತಿರುವುದು ಮೇಲೆಂದು ನಾನೂ ಹೋದೆ. ಅಲ್ಲಿ ಗುರುಗಳೊಬ್ಬರು ಪೈಥಾನ್ ಎಂಬ ಭಾಷೆಯ ಓನಾಮವನ್ನು ಕಲಿಸಿದರು. ಹಾಗೆ ಕಲಿತ ಅಲ್ಪವಿದ್ಯೆಯಲ್ಲಿ ನನ್ನ ಮನಸ್ಸಿನಲ್ಲಿ ಬಹಳ ಕಾಲ ನಿಂತದ್ದು ಒಂದೇ ವಿಷಯ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಪ್ರೋಗ್ರಾಮಿನಲ್ಲಿ ‘ವೇರಿಯಬಲ್’ ಎಂಬುದೊಂದಿದೆ. ಅದನ್ನು ಉಪ್ಪಿನಕಾಯಿಯ ಭರಣಿಗೆ ಹೋಲಿಸಬಹುದು. ಒಳಗೆ ಏನನ್ನೋ ತುಂಬಿಟ್ಟಿರುತ್ತೇವೆ. ಹೊರಗೆ ಒಂದು ಹೆಸರು ಬರೆದಿರುತ್ತೇವೆ. ಬೇಕೆಂದಾಗ ಹೆಸರು ಹೇಳಿ ತೆಗೆಯುತ್ತೇವೆ. ಹೆಸರಿನ ಜತೆಗೆ ಒಳಗಿರುವ ವಸ್ತುವಿಗೆ ಒಂದು ‘ಬಗೆ’ಯೂ ಉಂಟು. ಇಂಗ್ಲಿಷಿನಲ್ಲಿ ಇದನ್ನು ಟೈಪ್ ಎನ್ನುತ್ತಾರೆ. ಅದು ಸಂಖ್ಯೆಯೋ, ಅಕ್ಷರವೋ, ತಾರೀಖೋ, ಹೌದು-ಅಲ್ಲಗಳ ಉತ್ತರವೋ ಎಂಬುದು ಯಂತ್ರಕ್ಕೆ ತಿಳಿದಿರಬೇಕು. 2 ಮತ್ತು 2 ಸಂಖ್ಯೆಗಳಾದರೆ ಕೂಡಿಸಿದಾಗ 4 ಬರುತ್ತದೆ. ಅವೇ ಅಕ್ಷರಗಳಾದರೆ ಪೈಥಾನ್ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು 22 ಎನ್ನುತ್ತದೆ. ಯಂತ್ರದ ದೃಷ್ಟಿಯಿಂದ ಎರಡೂ ಸರಿಯಾದ ಉತ್ತರಗಳೇ. ಯಾವುದು ನಮಗೆ ಬೇಕಾಗಿತ್ತು ಎಂಬುದನ್ನು ಮಾತ್ರ ಅದು ಬಲ್ಲದು ಎಂದು ನಂಬುವಂತಿಲ್ಲ.

ಒಂದು ಶನಿವಾರ ಗುರುಗಳು ಹಿಂದಿನ ವರ್ಷಗಳ ವಿದ್ಯಾರ್ಥಿಯೊಬ್ಬ ಬರೆದಿಟ್ಟ ಪ್ರೋಗ್ರಾಮನ್ನು ನಮ್ಮ ಮುಂದಿಟ್ಟು, ಇದು ಏನು ಮಾಡುತ್ತದೆ ಹೇಳಿರಿ ಎಂದರು. ಅದರಲ್ಲಿ ಇದ್ದ ಹೆಸರುಗಳು ಎ, ಬಿ, ಎಕ್ಸ್, ಎಕ್ಸ್1, ಮತ್ತು ‘ಟೆಂಪ್’. ಎ-ಯನ್ನು ಬಿ-ಯಿಂದ ಗುಣಿಸಿ, ಎಕ್ಸ್ ಕಳೆದು, ಉಳಿದುದನ್ನು ಟೆಂಪಿನಲ್ಲಿಟ್ಟಿದ್ದ. ಐದಾರು ಜನ ತಲೆಗೂಡಿಸಿ ಕುಳಿತೆವು. ಒಬ್ಬನು ಇದು ಬಡ್ಡಿಯ ಲೆಕ್ಕವೆಂದ. ಇನ್ನೊಬ್ಬಳು ಪರೀಕ್ಷೆಯ ಅಂಕಗಳೆಂದಳು. ಮುಕ್ಕಾಲು ಗಂಟೆಯ ಮೇಲೆ ಅದು ಹಾಸ್ಟೆಲಿನ ಊಟದ ಖರ್ಚಿನ ಲೆಕ್ಕವೆಂದು ಗೊತ್ತಾಯಿತು. ಗುರುಗಳು ನಕ್ಕು, ಎ ಇದ್ದಲ್ಲಿ ‘ಊಟದ ದಿನಗಳು’, ಬಿ ಇದ್ದಲ್ಲಿ ‘ದಿನದ ದರ’, ಎಕ್ಸ್ ಇದ್ದಲ್ಲಿ ‘ಮುಂಗಡ’ ಎಂದು ಬರೆದರು. ಬೇರೆ ಏನನ್ನೂ ಬದಲಿಸಲಿಲ್ಲ. ಲೆಕ್ಕ ಹಾಳೆಯ ಮೇಲೆ ತಾನಾಗಿ ಮಾತಾಡತೊಡಗಿತು.

ಯಂತ್ರಕ್ಕೆ ಎ ಎಂದರೂ ಒಂದೇ, ‘ಊಟದ ದಿನಗಳು’ ಎಂದರೂ ಒಂದೇ. ಹೆಸರು ಇರುವುದು ಯಂತ್ರಕ್ಕಾಗಿ ಅಲ್ಲ, ನಮ್ಮ ನಂತರ ಬಂದು ಓದುವ ಮನುಷ್ಯನಿಗಾಗಿ. ಹಿಂದಿನ ಕಾಲದಲ್ಲಿ ಚಿಕ್ಕ ಹೆಸರುಗಳಿಗೆ ಒಂದು ನೆವವಾದರೂ ಇತ್ತು. 1957ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಫೋರ್‌ಟ್ರಾನ್ ಭಾಷೆಯಲ್ಲಿ ಹೆಸರಿಗೆ ಆರು ಅಕ್ಷರಗಳ ಮಿತಿಯಿತ್ತು. ಇಂಗ್ಲಿಷಿನ ಐ ಎಂಬ ಅಕ್ಷರದಿಂದ ಎನ್‌ವರೆಗಿನ ಯಾವುದರಿಂದಲಾದರೂ ಹೆಸರು ಮೊದಲಾದರೆ ಒಳಗಿರುವುದು ಪೂರ್ಣಾಂಕ, ಉಳಿದ ಅಕ್ಷರಗಳಿಂದ ಮೊದಲಾದರೆ ದಶಮಾಂಶ ಸಂಖ್ಯೆ ಎಂಬುದು ಅದರ ರೂಢಿ. ಹೆಸರಿನ ಮೊದಲಕ್ಷರವೇ ಬಗೆಯನ್ನು ಹೇಳುತ್ತಿತ್ತು. ಇಂದು ಆ ಇಕ್ಕಟ್ಟಿಲ್ಲ. ಅಭ್ಯಾಸ ಮಾತ್ರ ಉಳಿದಿದೆ.

ಹೆಸರಿಡುವ ಈ ಶಾಸ್ತ್ರ ಹೊಸದೆಂದು ನನಗೆ ಅನಿಸಲೇ ಇಲ್ಲ. ನಮ್ಮ ಊರುಗಳಲ್ಲಿ ಇದು ಎಂದಿನಿಂದಲೂ ನಡೆದು ಬಂದಿದೆ. ಒಂದೇ ಕೇರಿಯಲ್ಲಿ ಗಣಪತಿ ಎಂಬ ಹೆಸರಿನ ನಾಲ್ವರಿದ್ದರೆ ಒಬ್ಬ ಬಾವಿಕಟ್ಟೆ ಗಣಪತಿ, ಒಬ್ಬ ಕೆಳಗಿನಮನೆ ಗಣಪತಿ, ಒಬ್ಬ ದೋಣಿ ಗಣಪತಿ, ಇನ್ನೊಬ್ಬ ಮಾಸ್ತರ ಗಣಪತಿ. ಆದರೆ ಕೆಳಗಿನಮನೆಯ ಒಳಗೆ ಅವನನ್ನು ಯಾರೂ ‘ಕೆಳಗಿನಮನೆ ಗಣಪತಿ’ ಎಂದು ಊಟಕ್ಕೆ ಕರೆಯುವುದಿಲ್ಲ. ಅಲ್ಲಿ ‘ತಮಾ’ ಎಂದರೆ ಸಾಕು. ಅಂಚೆಯ ಕಾಗದದ ಮೇಲಾದರೋ ತಂದೆಯ ಹೆಸರು, ಅಡ್ಡಹೆಸರು, ಊರು ಎಲ್ಲವೂ ಬೇಕು. ಪ್ರೋಗ್ರಾಮಿನಲ್ಲಿಯೂ ಹಾಗೆಯೇ. ಎರಡು ಸಾಲಿನೊಳಗೆ ಹುಟ್ಟಿ ಅಲ್ಲಿಯೇ ಮುಗಿಯುವ ವಸ್ತುವಿಗೆ ಚಿಕ್ಕ ಹೆಸರು ಸಾಕು. ಹತ್ತು ಹಾಳೆ ದಾಟಿ ಸಂಚರಿಸುವ ವಸ್ತುವಿಗೆ ವಿಳಾಸ ಸಹಿತವಾದ ಹೆಸರು ಬೇಕು.

ಕೆಟ್ಟ ಹೆಸರಿಗೂ ಊರಲ್ಲೇ ಉದಾಹರಣೆ ಸಿಕ್ಕುತ್ತದೆ. ನಮ್ಮ ಕೇರಿಯ ‘ಹೊಸ ಬಾವಿ’ ನನ್ನ ಅಜ್ಜನಿಗಿಂತ ಹಳೆಯದು. ಅದನ್ನು ತೋಡಿದ ದಿನ ಆ ಹೆಸರು ಸರಿಯಾಗಿಯೇ ಇದ್ದೀತು. ‘ಹೊಸ ಯಾದಿ’, ‘ಕೊನೆಯ ಯಾದಿ’, ‘ನಿಜವಾದ ಕೊನೆಯ ಯಾದಿ’ ಎಂದು ಗಣಕಯಂತ್ರದಲ್ಲಿ ಹೆಸರಿಡುವವರು ಇಂಥ ಬಾವಿಗಳನ್ನೇ ತೋಡುತ್ತಿರುತ್ತಾರೆ.

ಇನ್ನು ಬಗೆಯ ಮಾತು. ಇದು ಕಠಿಣವಾದ ವಿಷಯವೆಂದು ಸಹಪಾಠಿಗಳು ಅಂಜಿದ್ದರು. ನಿಜವಾಗಿ ನೋಡಿದರೆ ಕನ್ನಡ ಮಾತನಾಡುವ ಪ್ರತಿಯೊಂದು ಮಗುವೂ ಇದನ್ನು ಬಲ್ಲದು. ‘ಎರಡು ದನ ಬಂದವು’ ಎನ್ನುತ್ತೇವೆ; ‘ಇಬ್ಬರು ಗುರುಗಳು ಬಂದರು’ ಎನ್ನುತ್ತೇವೆ. ‘ಎರಡು ಗುರುಗಳು ಬಂದವು’ ಎಂದರೆ ತರಗತಿಯೆಲ್ಲ ನಗುತ್ತದೆ. ಎಣಿಕೆಯೇನೂ ತಪ್ಪಿಲ್ಲ, ಬಗೆ ತಪ್ಪಿದೆ. ಮನುಷ್ಯರನ್ನು ಎಣಿಸುವ ಪದ ಬೇರೆ, ಉಳಿದವುಗಳನ್ನು ಎಣಿಸುವ ಪದ ಬೇರೆ ಎಂದು ನಮ್ಮ ಭಾಷೆಯೇ ಕಾವಲು ನಿಂತಿದೆ. ಯಕ್ಷಗಾನದ ರಂಗಸ್ಥಳವೂ ಇಂಥದೇ. ಪಾತ್ರ ಬಾಯಿ ತೆರೆಯುವ ಮೊದಲೇ ವೇಷವನ್ನು ನೋಡಿ ಇದು ರಾಜವೇಷ, ಇದು ಸ್ತ್ರೀವೇಷ, ಇದು ಹಾಸ್ಯ ಎಂದು ಹಿಂದಿನ ಸಾಲಿನ ಅಜ್ಜಿಗೂ ತಿಳಿಯುತ್ತದೆ.

ನಮ್ಮ ಊರಿನ ಹೆಸರನ್ನೇ ನೋಡಿರಿ. ‘ಧಾರೇಶ್ವರ’ ಎಂದರೆ ದೇವರು. ಗೋಕರ್ಣದ ಆತ್ಮಲಿಂಗದ ಕಥೆಯಲ್ಲಿ ಅದಕ್ಕೆ ಸುತ್ತಿದ ದಾರ ಬಂದು ಬಿದ್ದ ಸ್ಥಳ ಇದೆಂದು ಹಿರಿಯರು ಹೇಳುತ್ತಾರೆ. ‘ಧಾರೇಶ್ವರ’ ಎಂದರೆ ಊರು. ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿ ಕಡಲಿಗೆ ಮೈತಾಗಿ ಕುಳಿತಿರುವ ಊರು. ‘ಧಾರೇಶ್ವರ’ ಎಂದರೆ ಅಡ್ಡಹೆಸರು ಕೂಡ. 2024ರಲ್ಲಿ ತೀರಿಕೊಂಡ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರ ಕಂಠವನ್ನು ಈ ಕರಾವಳಿಯಲ್ಲಿ ಕೇಳದವರಾರು? ಅಕ್ಷರಗಳು ಅವೇ, ಬಗೆ ಮೂರು. ಒಂದು ಅರ್ಜಿಯ ಖಾನೆಯಲ್ಲಿ ಬರೀ ‘ಧಾರೇಶ್ವರ’ ಎಂದು ಬರೆದಿದ್ದರೆ ಅದು ಯಾವುದೆಂದು ಹೇಳಬೇಕಾದದ್ದು ಮೇಲಿನ ತಲೆಬರಹ. ತಲೆಬರಹವೇ ಬಾಯಿ ಮುಚ್ಚಿಕೊಂಡರೆ ಗತಿಯೇನು?

ಅಕ್ಷರಗಳಿಗಿಂತ ಅಂಕಿಗಳ ವೇಷ ಹೆಚ್ಚು ಮೋಸದ್ದು. ಹೈಸ್ಕೂಲಿನ ವ್ಯಾಕರಣದಲ್ಲಿ ನಾವು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಬಾಯಿಪಾಠ ಮಾಡಿದ್ದೇವೆ. ಒಂದು, ಎರಡು ಎಂಬುವು ಸಂಖ್ಯಾವಾಚಕಗಳು. ಒಂದನೆಯ, ಎರಡನೆಯ ಎಂಬುವು ಸಂಖ್ಯೇಯವಾಚಕಗಳು. ಅಷ್ಟು, ಇಷ್ಟು ಎಂಬುವು ಪರಿಮಾಣವಾಚಕಗಳು. ಪರೀಕ್ಷೆ ಮುಗಿದೊಡನೆ ಮರೆತುಬಿಡುವ ಈ ವಿಂಗಡಣೆ ಗಣಕಯಂತ್ರದ ಮುಂದೆ ಕುಳಿತಾಗ ನನಗೆ ಉಪಕಾರಕ್ಕೆ ಬಂದಿತು. ಜಮೀನಿನ ಸರ್ವೆ ನಂಬರು 12 ಎಂದರೆ ಅದು ಹನ್ನೆರಡು ಏನೂ ಅಲ್ಲ. ಎರಡು ಸರ್ವೆ ನಂಬರುಗಳನ್ನು ಕೂಡಿಸಿ ಯಾರೂ ಏನನ್ನೂ ಪಡೆಯಲಾರರು. ಅದು ಆ ಗದ್ದೆಯ ಹೆಸರು; ಅಂಕಿಯ ವೇಷ ತೊಟ್ಟ ಅಂಕಿತನಾಮ. ದೂರವಾಣಿಯ ನಂಬರು, ಆಧಾರ್ ನಂಬರು, ಬಸ್ಸಿನ ನಂಬರು ಎಲ್ಲವೂ ಇದೇ ಜಾತಿಯವು. ಇವು ಸಂಖ್ಯೆಗಳೋ, ಹೆಸರುಗಳೋ ಎಂಬ ಸಂದೇಹ ಬಂದಾಗ ಕೇಳಬೇಕಾದ ಪ್ರಶ್ನೆ ಇಷ್ಟೇ: ಇದನ್ನು ಕೂಡಿಸಿದರೆ ಅರ್ಥ ಬರುತ್ತದೆಯೇ? ಬರದಿದ್ದರೆ ಅದನ್ನು ಅಕ್ಷರವೆಂದು ಇಡುವುದೇ ಕ್ಷೇಮ.

ಹಾಗೆ ಇಡದಿದ್ದರೆ ಏನಾಗುತ್ತದೆ? ಕುಮಟೆಯ ದೂರವಾಣಿ ಸಂಕೇತ 08386 ಎಂದು ಲೆಕ್ಕದ ಹಾಳೆಯಲ್ಲಿ ಟೈಪು ಮಾಡಿದರೆ ಮುಂದಿನ ಸೊನ್ನೆ ಮಾಯವಾಗಿ 8386 ಉಳಿಯುತ್ತದೆ. ಸಂಖ್ಯೆಯ ಎಡಗಡೆ ಸೊನ್ನೆಗೆ ಬೆಲೆಯಿಲ್ಲವಷ್ಟೆ. ಸರ್ವೆ ನಂಬರು 12, ಹಿಸ್ಸಾ 3 ಎಂಬುದನ್ನು ರೂಢಿಯಂತೆ 12/3 ಎಂದು ಬರೆದರೆ ಯಂತ್ರವು ಅದನ್ನು ಮಾರ್ಚ್ 12 ಎಂದು ತಿಳಿಯುತ್ತದೆ. ಗದ್ದೆ ತಾರೀಖಾಗಿ ಹೋಗುತ್ತದೆ! ಇದು ನಮ್ಮಂಥ ಹಳ್ಳಿಗರ ಪಾಡು ಮಾತ್ರವೆಂದು ತಿಳಿಯಬೇಡಿರಿ. ಮನುಷ್ಯ ದೇಹದ ಜೀನುಗಳಲ್ಲಿ ಕೆಲವಕ್ಕೆ ‘ಮಾರ್ಚ್1’, ‘ಸೆಪ್ಟ್1’ ಎಂಬ ಸಂಕೇತನಾಮಗಳಿದ್ದವು. ವಿಜ್ಞಾನಿಗಳ ಹಾಳೆಗಳಲ್ಲಿ ಅವು ಮೇಲಿಂದ ಮೇಲೆ ತಾರೀಖುಗಳಾಗಿ ಬದಲಾಗುತ್ತಿದ್ದುದರಿಂದ, 2020ರಲ್ಲಿ ಪ್ರಕಟವಾದ ಹೊಸ ನಿಯಮಗಳಲ್ಲಿ ಆ ಜೀನುಗಳಿಗೇ ಬೇರೆ ಹೆಸರಿಟ್ಟುದನ್ನು ಸಾರಿದರು. ಯಂತ್ರ ಬದಲಾಗಲಿಲ್ಲ, ಹೆಸರೇ ಬದಲಾಗಬೇಕಾಯಿತು.

ಇದೆಲ್ಲವೂ ನನಗೆ ಪುಸ್ತಕದ ಮಾತಾಗಿಯೇ ಉಳಿಯುತ್ತಿತ್ತೋ ಏನೋ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ಕೇರಿಗೆ ಬಂದ ಸರಕಾರಿ ಕಾಗದವೆಲ್ಲ ಒಮ್ಮೆ ನಮ್ಮ ಜಗಲಿಗೆ ಬಂದು ಹೋಗುತ್ತದೆ. ‘ತಂಗೀ, ಇದರಲ್ಲಿ ಎಂತ ಬರೆದಿದ್ದಾರೆ ನೋಡು’ ಎಂದು ಕೊಟ್ಟು, ಓದಿ ಮುಗಿಯುವವರೆಗೆ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ಒಂದು ಮಳೆಗಾಲದಲ್ಲಿ ಗದ್ದೆಗಳಲ್ಲಿ ನೀರು ನಿಂತು ಭತ್ತದ ಸಸಿ ಕೊಳೆತುಹೋಯಿತು. ಪರಿಹಾರಕ್ಕಾಗಿ ಕೇರಿಯವರ ಹಿಡುವಳಿಗಳ ಯಾದಿ ತಯಾರಾಯಿತು. ಅದನ್ನು ಎಲ್ಲಿ, ಯಾರು ಟೈಪು ಮಾಡಿದರೆಂಬುದು ಒತ್ತಟ್ಟಿಗಿರಲಿ. ಅದರ ಪ್ರತಿಯೊಂದು ನಮ್ಮ ಜಗಲಿಗೂ ಬಂದಿತು.

ಅದರಲ್ಲಿ ಆಯಿಯ ಹೆಸರಿನ ಮುಂದೆ ‘ವಿಸ್ತೀರ್ಣ 0.15’ ಎಂದಿತ್ತು. ಪಹಣಿಯಂತೆ ನಮ್ಮದು ಹದಿನೈದು ಗುಂಟೆ. ಹಾಗಾದರೆ ಸರಿಯಾಗಿಯೇ ಇದೆ ಎಂದು ನೀವೂ ಎನ್ನುವಿರಿ. ಆದರೆ ಮುಂದಿನ ಖಾನೆಯಲ್ಲಿ ಎಕರೆಗೆ ಇಂತಿಷ್ಟು ಎಂದು ಗುಣಿಸಿದ ಹಣ ತೀರ ಕಡಿಮೆಯಾಗಿತ್ತು. ಯೋಚಿಸಿದಾಗ ಗೊತ್ತಾಯಿತು: ಬರೆದವರು ಚುಕ್ಕೆಯ ಈಚೆಗೆ ಎಕರೆ, ಆಚೆಗೆ ಗುಂಟೆ ಎಂದು ಬರೆದಿದ್ದರು. ಯಂತ್ರವು ಅದನ್ನು ದಶಮಾಂಶವೆಂದು ಓದಿತ್ತು. ಒಂದು ಎಕರೆಗೆ 40 ಗುಂಟೆ, 0.15 ಎಕರೆಯೆಂದರೆ ಬರೀ 6 ಗುಂಟೆ. ‘ಗದ್ದೆ ಅಲ್ಲೇ ಉಂಟು, ಬದುವೂ ಅಲ್ಲೇ ಉಂಟು. ಒಂಬತ್ತು ಗುಂಟೆ ಎಲ್ಲಿಗೆ ಹೋಯಿತು?’ ಎಂದು ಆಯಿ ಕೇಳಿದಳು. ಆಕೆಯ ಪ್ರಶ್ನೆಗೆ ನೇರವಾದ ಉತ್ತರ, ಅದು ಒಂದು ಚುಕ್ಕೆಯೊಳಗೆ ಹೋಯಿತು ಎಂಬುದೇ. ಪಕ್ಕದ ಮನೆಯವರ ಇಪ್ಪತ್ತು ಗುಂಟೆಯ ಪಾಡು ಇನ್ನೂ ವಿಚಿತ್ರ. 0.20 ಎಂಬುದರ ಕೊನೆಯ ಸೊನ್ನೆಯನ್ನು ಯಂತ್ರ ನುಂಗಿ 0.2 ಎಂದು ತೋರಿಸುತ್ತಿತ್ತು. ಅದನ್ನು ಓದಿದವರು ಎರಡು ಗುಂಟೆಯೆಂದರೆ ಯಂತ್ರ ಎಂಟು ಗುಂಟೆಯೆನ್ನುತ್ತಿತ್ತು. ಯಾರ ಬಾಯಲ್ಲೂ ಇಪ್ಪತ್ತು ಬರಲಿಲ್ಲ.

ಯಾದಿಯನ್ನು ಮರಳಿ ತಯಾರಿಸಬೇಕಾಯಿತು. ಹಣ ತಡವಾಗಿಯಾದರೂ ಬಂದಿತು. ಆದರೆ ಪಹಣಿ ಹಿಡಿದುಕೊಂಡು ಎರಡು ಸಲ ಓಡಾಡಿದವರ ದಿನಗೂಲಿ ಯಾವ ಯಾದಿಯಲ್ಲಿಯೂ ಸೇರಲಿಲ್ಲ.

ಇದರ ಬುಡಕ್ಕೆ ಹೋದರೆ ಇತಿಹಾಸವೂ ಕಾಣುತ್ತದೆ. ಶಿರೂರಿನ ಗಡಿ ದಾಟಿ ಬೈಂದೂರು, ಕುಂದಾಪುರಗಳ ಕಡೆಗೆ ಹೋದರೆ ಭೂಮಿಯನ್ನು ಗುಂಟೆಯಲ್ಲಿ ಹೇಳುವುದಿಲ್ಲ, ಸೆಂಟ್ಸಿನಲ್ಲಿ ಹೇಳುತ್ತಾರೆ. ಎಕರೆಗೆ 100 ಸೆಂಟ್ಸ್. ಅಲ್ಲಿ 0.15 ಎಂದರೆ ಹದಿನೈದು ಸೆಂಟ್ಸೇ. ದಶಮಾಂಶವೆಂದು ಓದಿದರೂ ಏನೂ ಕೆಡುವುದಿಲ್ಲ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು, ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. ಇಲ್ಲಿ ಮುಂಬಯಿಯ ಗುಂಟೆ ನಿಂತಿತು, ಅಲ್ಲಿ ಮದರಾಸಿನ ಸೆಂಟ್ಸು ನಿಂತಿತು. 1956ರಲ್ಲಿ ಎರಡೂ ಜಿಲ್ಲೆಗಳು ಒಂದೇ ರಾಜ್ಯದಲ್ಲಿ ಕೂಡಿದರೂ ಅಳತೆಯ ಮಾತು ಕೂಡಲಿಲ್ಲ. ಒಂದೇ ಕಡಲ ತೀರದ ಎರಡು ಊರುಗಳಲ್ಲಿ ಒಂದೇ ರೀತಿ ಬರೆದ 0.15, ಒಂದು ಕಡೆ ಹದಿನೈದು ಗುಂಟೆ, ಇನ್ನೊಂದು ಕಡೆ ಆರು ಗುಂಟೆ! ‘ವಿಸ್ತೀರ್ಣ’ ಎಂಬ ಒಂದೇ ಮಾತಿನ ತಲೆಬರಹ ಈ ಎರಡನ್ನೂ ಒಂದೇ ಭರಣಿಗೆ ಹಾಕುತ್ತದೆ. ಹಳೆಯ ಕೈಬರಹದ ದಫ್ತರಗಳಲ್ಲಿ ಓದುವವನೂ ಊರಿನವನೇ ಆಗಿದ್ದುದರಿಂದ ಹೇಳದೆಯೇ ತಿಳಿಯುತ್ತಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಅಂದಿನಿಂದ ನಮ್ಮ ಗದ್ದೆಯನ್ನು ಓದುವವರು ನಮ್ಮ ಗದ್ದೆಯನ್ನು ಕಂಡವರೇ ಆಗಿರಬೇಕಾಗಿಲ್ಲ. ಹೇಳದೆ ತಿಳಿಯುತ್ತಿದ್ದುದನ್ನು ಈಗ ಬರೆದು ಹೇಳಬೇಕಾಗಿದೆ.

ಆ ಯಾದಿ ಮರಳಿ ಹೋದ ವಾರ ಕೇರಿಯ ಲೆಕ್ಕವನ್ನು ನಾನೇ ಒಂದು ಚಿಕ್ಕ ಪ್ರೋಗ್ರಾಮಿನಲ್ಲಿ ಕೂಡಿಸಿ ನೋಡಿದೆ. ಪೈಥಾನಿನ 2008ರ ಮೂರನೆಯ ಆವೃತ್ತಿಯಿಂದ ವೇರಿಯಬಲ್‌ಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ಹೀಗಾಗಿ ನನ್ನ ಭರಣಿಗಳ ಹೆಸರು ‘ಎಕರೆ’, ‘ಗುಂಟೆ’, ‘ಆಣೆ’. ಮೂರೂ ಬೇರೆ ಬೇರೆ, ಮೂರೂ ಪೂರ್ಣಾಂಕಗಳು. ಚುಕ್ಕೆಗೆ ಅಲ್ಲಿ ಸ್ಥಳವೇ ಇಲ್ಲ. ಗುಂಟೆ 40ಕ್ಕಿಂತ, ಆಣೆ 16ಕ್ಕಿಂತ ಕಡಿಮೆಯಿರದಿದ್ದರೆ ಪ್ರೋಗ್ರಾಂ ಮುಂದೆ ಹೋಗುವುದಿಲ್ಲ. ಕೂಡಿಸುವಾಗ ಎಲ್ಲವನ್ನೂ ಆಣೆ ಮಾಡಿ ‘ಒಟ್ಟು_ಆಣೆ’ ಎಂಬಲ್ಲಿ ಇಡುತ್ತದೆ. ಎಕರೆಗೆ 640 ಆಣೆ. ಒಬ್ಬರದು 15 ಗುಂಟೆ 8 ಆಣೆ, ಇನ್ನೊಬ್ಬರದು 30 ಗುಂಟೆ 12 ಆಣೆ ಎಂದಿಟ್ಟುಕೊಳ್ಳಿರಿ. 248ಕ್ಕೆ 492 ಕೂಡಿ 740 ಆಣೆ. ಅಂದರೆ 1 ಎಕರೆ 6 ಗುಂಟೆ 4 ಆಣೆ. ‘ಸರ್ವೆ_ನಂಬರು’ ಮಾತ್ರ ಅಕ್ಷರವಾಗಿ ಉಳಿಯಿತು. ಆಯಿಗೆ ಓದು ಬರುವುದು ಅಷ್ಟಕ್ಕಷ್ಟೇ. ಆದರೂ ಪರದೆಯ ಮೇಲಿನ ಆ ಸಾಲುಗಳಲ್ಲಿ ಗುಂಟೆ ಎಂಬ ಪದವನ್ನು ಬೆರಳಿಟ್ಟು ಗುರುತಿಸಿ, ‘ಇದು ನಮ್ಮದಲ್ಲವೇ?’ ಎಂದಳು.

ಎಲ್ಲ ಹೆಸರುಗಳನ್ನೂ ಕನ್ನಡದಲ್ಲಿಯೇ ಇಡಬೇಕೆಂದು ನಾನು ಹಟ ಹಿಡಿಯುವವಳಲ್ಲ. ಹಲವು ಭಾಷೆಯವರು ಕೂಡಿ ಕೆಲಸ ಮಾಡುವಲ್ಲಿ ಎಲ್ಲರಿಗೂ ತಿಳಿಯುವ ಭಾಷೆಯೇ ತಕ್ಕುದು. ಓದುವವರು ಯಾರೆಂಬುದನ್ನು ನೋಡಿ ಹೆಸರಿಡಬೇಕು. ಹಾಗೆಯೇ ಒಳ್ಳೆಯ ಹೆಸರೊಂದರಿಂದ ಎಲ್ಲವೂ ಸರಿಹೋದೀತೆಂಬ ಭ್ರಮೆಯೂ ನನಗಿಲ್ಲ. ‘ಗುಂಟೆ’ ಎಂದು ಬರೆದ ಖಾನೆಯಲ್ಲಿ ತಪ್ಪು ಅಂಕಿ ತುಂಬಿದರೆ ಹೆಸರು ಏನು ಮಾಡೀತು? ಆದರೆ ಅಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ. ಹೆಸರಿಲ್ಲದ ಕಡೆ ತಪ್ಪೂ ಸರಿಯಂತೆಯೇ ಕಾಣುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ನಾಸಾ ಸಂಸ್ಥೆಯು ಮಂಗಳಗ್ರಹಕ್ಕೆ ಕಳಿಸಿದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ 1999ರ ಸೆಪ್ಟೆಂಬರ್ 23ರಂದು ಅಲ್ಲಿಗೆ ತಲುಪುವ ಹೊತ್ತಿನಲ್ಲಿಯೇ ನಾಶವಾಯಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ನೌಕೆಯ ತಳ್ಳುವಿಕೆಯನ್ನು ಪೌಂಡುಗಳ ಮಾನದಲ್ಲಿ ಕೊಟ್ಟಿತು. ಅದನ್ನು ಪಡೆದ ಇನ್ನೊಂದು ನ್ಯೂಟನ್ನಿನ ಮಾನವೆಂದು ತಿಳಿಯಿತು. ಎರಡಕ್ಕೂ ನಡುವೆ ನಾಲ್ಕೂವರೆ ಪಟ್ಟು ಅಂತರ. ಅಂಕಿ ಹೋಯಿತು, ಅದರ ಬಗೆ ಅದರ ಜತೆಗೆ ಹೋಗಲಿಲ್ಲ. ಆ ನೌಕೆಯ ಕಥೆಯನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಒಂಬತ್ತು ಗುಂಟೆ. ಮಂಗಳಗ್ರಹದ ನಷ್ಟವನ್ನು ಜಗತ್ತೆಲ್ಲ ವಿಚಾರಿಸಿತು. ಹದಿನೈದು ಗುಂಟೆಯವಳ ನಷ್ಟವನ್ನು ವಿಚಾರಿಸಬೇಕಾದರೆ ಯಾದಿಯನ್ನು ಓದಬಲ್ಲವರೊಬ್ಬರು ಆಕೆಯ ಮನೆಯಲ್ಲಿಯೇ ಇರಬೇಕು.

ಬರುವ ಬೇಸಿಗೆಗೆ ನಾವು ಇಲ್ಲಿಂದ ಹೊರಡುತ್ತೇವೆ. ನಮ್ಮಲ್ಲಿ ಪ್ರೋಗ್ರಾಂ ಬರೆಯುವವರು ಒಬ್ಬಿಬ್ಬರಾದಾರು. ಉಳಿದವರು ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ, ಶಾಲೆಯಲ್ಲಿ, ಸಹಕಾರಿ ಸಂಘದಲ್ಲಿ ಒಂದಲ್ಲ ಒಂದು ಮೇಜಿನ ಹಿಂದೆ ಕುಳಿತೇವು. ಅಲ್ಲಿ ಯಾರಾದರೂ ಒಂದು ಯಾದಿ ಮಾಡಿರೆಂದು ಹೇಳುತ್ತಾರೆ. ಖಾನೆಗಳಿಗೆ ತಲೆಬರಹ ಬರೆಯುವವರು ನಾವೇ ಆಗುತ್ತೇವೆ. ‘ಮೊತ್ತ’ ಎಂದು ಬರೆಯುವುದಕ್ಕೂ ‘ಬರತಕ್ಕ ಮೊತ್ತ, ರೂಪಾಯಿಗಳಲ್ಲಿ’ ಎಂದು ಬರೆಯುವುದಕ್ಕೂ ನಡುವೆ ಇರುವುದು ಅರ್ಧ ನಿಮಿಷದ ಶ್ರಮ. ‘ದಿನಾಂಕ’ ಎನ್ನುವ ಬದಲು ‘ಅರ್ಜಿ ಕೊಟ್ಟ ದಿನಾಂಕ’ ಎನ್ನಬಹುದು. ಆ ಅರ್ಧ ನಿಮಿಷವನ್ನು ನಾವು ಉಳಿಸಿಕೊಂಡರೆ ಇನ್ನೊಬ್ಬರು ಅದಕ್ಕಾಗಿ ಒಂದು ದಿನದ ಕೂಲಿಯನ್ನು ಕೊಡಬೇಕಾಗುತ್ತದೆ. ಅವರು ಬಸ್ಸು ಹತ್ತಿ ಬಂದು, ಪಹಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ನಮ್ಮ ಮೇಜಿನ ಮುಂದೆಯೇ ನಿಂತಿರುತ್ತಾರೆ.